ಹಳೆಯ ಮೊಬೈಲನ್ನೇ ಡ್ಯಾಶ್‌ಕ್ಯಾಮ್ ಮಾಡಿಕೊಡುತ್ತೇವೆ ಎನ್ನುವವರಿಂದ ದೂರವಿರಿ

ಕಾರಿನ ಮುಂಗಾಜಿಗೆ ಒಂದು ಹೋಲ್ಡರ್ ಅಂಟಿಸಿ, ಅದರಲ್ಲಿ ನಿಮ್ಮ ಹಳೆಯ ಸ್ಮಾರ್ಟ್‌ಫೋನನ್ನು ಸಿಕ್ಕಿಸಿ, ಒಂದು ಆ್ಯಪ್ ಹಾಕಿಕೊಟ್ಟು, ಇನ್ನು ಡ್ಯಾಶ್‌ಕ್ಯಾಮ್ (ಕಾರಿನ ಎದುರಿನ ರಸ್ತೆಯನ್ನು ಸದಾ ವಿಡಿಯೊ ಮಾಡುವ ಕ್ಯಾಮೆರಾ) ಕೊಳ್ಳುವ ಅಗತ್ಯವೇ ಇಲ್ಲ ಎಂದು ಹೇಳಿ ಹಣ ಪಡೆಯುವ ವ್ಯಾಪಾರ ಶಿವಮೊಗ್ಗದಲ್ಲಿ ನಡೆಯುತ್ತಿದೆ. ಕಾರಿನ ಅಲಂಕಾರ ಸಾಮಗ್ರಿ ಮಾರುವ ಅಂಥ ಒಂದು ಅಂಗಡಿಗೆ ನಾನು 3,200 ರೂಪಾಯಿ ಕೊಟ್ಟಿದ್ದೇನೆ. ಹಣ ಹೋದದ್ದು ಒಂದು ಕಡೆಗಿರಲಿ. ತೀರ್ಥಹಳ್ಳಿಗೆ ಹೋಗುವ ದಾರಿಯ ಮಂಡಗದ್ದೆಯ ಹತ್ತಿರ ನಡುರಸ್ತೆಯಲ್ಲಿ, ಬಸ್ಸಿನಿಂದ ಇಳಿದು ನಿಂತಿದ್ದ ಅಷ್ಟೂ ಜನರ ಎದುರು ನಾನು ಸುಳ್ಳುಗಾರನಂತೆ ನಿಲ್ಲಬೇಕಾಗಿ ಬಂದದ್ದು ಈಗಲೂ ನೆನಪಾದರೆ ಮೈ ಉರಿಯುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಆ ಅಂಗಡಿಗೆ ಹೋದದ್ದು ನಿಜವಾದ ಡ್ಯಾಶ್‌ಕ್ಯಾಮ್ ಹಾಕಿಸಲೆಂದೇ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಓಡಾಡುವವರಿಗೆ ಅದರ ಅಗತ್ಯವನ್ನು ನಾನು ವಿವರಿಸಬೇಕಿಲ್ಲ. ಗಾಜನೂರು ದಾಟಿದ ಮೇಲೆ ಸಾಲು ಸಾಲು ತಿರುವುಗಳು, ಆ ತಿರುವುಗಳಲ್ಲಿಯೇ ಟೈಮಿಂಗ್ ಹಿಡಿಯಲು ಹೊರಟ ಬಸ್ಸುಗಳು, ಅವುಗಳನ್ನು ಹಿಂದೆ ಹಾಕಲೇಬೇಕೆಂದು ಪಣ ತೊಟ್ಟವರಂತೆ ಬರುವ ಪಿಕಪ್‌ಗಳು. ಅಂಗಡಿಯವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಅದಕ್ಕೆ ಏಳೆಂಟು ಸಾವಿರ ಯಾಕೆ ಹಾಕ್ತೀರಿ ಸಾರ್? ಮನೇಲಿ ಹಳೇ ಫೋನ್ ಇಲ್ವಾ? ಅದರ ಕ್ಯಾಮೆರಾನೇ ಇದಕ್ಕಿಂತ ಚೆನ್ನಾಗಿರುತ್ತೆ" ಎಂದ. ಹಳೆಯ ಫೋನ್ ತರಲು ಹೇಳಿದವನು ಅವನೇ ಎಂಬುದನ್ನು ದಯವಿಟ್ಟು ಗಮನಿಸಿ, ಏಕೆಂದರೆ ಆಮೇಲೆ ಅವನು ಆ ಮಾತನ್ನೇ ತಿರುಗಿಸಿದ.

ಮರುದಿನ ಫೋನ್ ಕೊಟ್ಟೆ. ಹೋಲ್ಡರ್ ಎಲ್ಲಿ ಕೂರಬೇಕೆಂದು ಅವನೇ ನಿರ್ಧರಿಸಿದ, ಚಾರ್ಜರನ್ನು ಅವನೇ ಸಿಕ್ಕಿಸಿದ, ಆ್ಯಪನ್ನು ಅವನೇ ಹಾಕಿದ. ಮೂರು ಮೂರು ನಿಮಿಷದ ತುಣುಕುಗಳಾಗಿ ರೆಕಾರ್ಡ್ ಆಗುತ್ತದೆ, ಜಾಗ ತುಂಬಿದಾಗ ಹಳೆಯದು ತಾನಾಗಿಯೇ ಅಳಿಸಿಹೋಗುತ್ತದೆ, ಗಾಡಿಗೆ ಪೆಟ್ಟು ಬಿದ್ದರೆ ಆ ತುಣುಕು ಲಾಕ್ ಆಗಿ ಉಳಿಯುತ್ತದೆ ಎಂದೆಲ್ಲ ತೋರಿಸಿದ. ಅಂಗಡಿಯ ಮುಂದೆ ನೆರಳಿನಲ್ಲಿ ನಿಂತಿದ್ದ ಕಾರಿನಲ್ಲಿ ಅದೆಲ್ಲವೂ ಸರಿಯಾಗಿಯೇ ನಡೆಯಿತು. ಕೊನೆಗೆ ಅವನು ಹೇಳಿದ ಮಾತು ಇದು: "ಸ್ಕ್ರೀನ್ ಆಫ್ ಆದ್ರೂ ತಲೆ ಕೆಡಿಸ್ಕೋಬೇಡಿ ಸಾರ್, ಒಳಗಡೆ ರೆಕಾರ್ಡ್ ಆಗ್ತಾನೇ ಇರುತ್ತೆ." ನನ್ನನ್ನು ಮುಳುಗಿಸಿದ್ದು ಈ ಒಂದೇ ಮಾತು. ಪರದೆ ಕಪ್ಪಾದಾಗ ಏನೋ ಕೆಟ್ಟಿದೆ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಆ ಅನುಮಾನ ಬಾರದಂತೆ ಅವನು ಮೊದಲೇ ಬಾಗಿಲು ಹಾಕಿಬಿಟ್ಟಿದ್ದ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಊಟ ಮುಗಿಸಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಪಕ್ಕದಲ್ಲಿ ನನ್ನ ಭಾವ ಇದ್ದರು. ಮಂಡಗದ್ದೆ ಇನ್ನೂ ಸ್ವಲ್ಪ ದೂರ ಇದೆ ಎನ್ನುವಾಗ ಎದುರಿನಿಂದ ಬಂದ ಪಿಕಪ್ ಒಂದು ಬಸ್ಸನ್ನು ಹಿಂದೆ ಹಾಕುವ ಭರದಲ್ಲಿ ತಿರುವಿನಲ್ಲಿಯೇ ನಮ್ಮ ಬದಿಗೆ ನುಗ್ಗಿತು. ನಾನು ಎಡಕ್ಕೆ ಎಳೆದುಕೊಂಡರೂ ಬಲಗಡೆಯ ಕನ್ನಡಿ ಮುರಿದು, ಎರಡೂ ಬಾಗಿಲುಗಳ ಉದ್ದಕ್ಕೆ ಗೀರಿಕೊಂಡು ಹೋಯಿತು. ಯಾರಿಗೂ ಗಾಯವಾಗಲಿಲ್ಲ. ಪಿಕಪ್ ನಿಂತಿತು, ಬಸ್ಸೂ ನಿಂತಿತು, ಜನ ಇಳಿದರು.

ಪಿಕಪ್‌ನವನು ಇಳಿದವನೇ, ನೀವೇ ನಡುರಸ್ತೆಗೆ ಬಂದಿರಿ ಎಂದು ಶುರು ಮಾಡಿದ. ಅವನು ಕೂಗಾಡುತ್ತಿದ್ದರೂ ನಾನು ಸಮಾಧಾನದಿಂದಲೇ ಇದ್ದೆ. ಸಮಾಧಾನ ಏಕೆಂದರೆ ನನ್ನ ಬಳಿ ವಿಡಿಯೊ ಇದೆ ಎಂದು ನಾನು ನಂಬಿದ್ದೆ. "ನೋಡಪ್ಪಾ, ಎಲ್ಲವೂ ರೆಕಾರ್ಡ್ ಆಗಿದೆ, ಸುಮ್ಮನೆ ಮಾತು ಬೆಳೆಸಬೇಡ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಅವನ ದನಿ ಒಮ್ಮೆಲೇ ಇಳಿಯಿತು. ಬಸ್ಸಿನ ಕಂಡಕ್ಟರ್ ಕೂಡ, ವಿಡಿಯೊ ಇದ್ದರೆ ನೋಡಿಯೇಬಿಡೋಣ ಎಂದು ಹತ್ತಿರ ಬಂದ. ಹೋಲ್ಡರಿನಿಂದ ಫೋನ್ ತೆಗೆದರೆ ಕೈ ಸುಡುವಷ್ಟು ಬಿಸಿ. ಗುಂಡಿ ಒತ್ತಿದೆ, ಪರದೆ ಬೆಳಗಿತು, ಫೋನಿನ ಉಷ್ಣಾಂಶ ಹೆಚ್ಚಾದ್ದರಿಂದ ಕ್ಯಾಮೆರಾ ಮುಚ್ಚಲಾಗಿದೆ ಎಂಬ ಸೂಚನೆ ಅಲ್ಲಿ ಕುಳಿತಿತ್ತು. ಆ್ಯಪ್ ತೆರೆದು ಹುಡುಕಿದರೆ, ದಾರಿಯಲ್ಲಿ ಎಷ್ಟೋ ಮೊದಲೇ ಸಿಗುವ ಸಕ್ರೆಬೈಲಿನ ಹತ್ತಿರದವರೆಗೆ ಮಾತ್ರ ವಿಡಿಯೊ ಇತ್ತು. ಅದರ ನಂತರ ಒಂದು ತುಣುಕು ಇತ್ತು, ಅದು ತೆರೆಯಲಿಲ್ಲ. ಅದರಾಚೆಗೆ ಏನೂ ಇರಲಿಲ್ಲ.

ನಾನು ಮತ್ತೆ ಮತ್ತೆ ಹುಡುಕುತ್ತಿದ್ದೆ. ಎಲ್ಲಾದರೂ ಇರಬಹುದು, ಬೇರೆ ಫೋಲ್ಡರಿನಲ್ಲಿ ಇರಬಹುದು ಎಂದು ಬೆರಳಾಡಿಸುತ್ತಲೇ ಇದ್ದೆ. ಪಿಕಪ್‌ನವನು ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡ. "ಎಂತ ಮಾರಾಯ್ರೆ, ವಿಡಿಯೊ ಎಲ್ಲಿ? ತೋರ್ಸಿ ತೋರ್ಸಿ, ಎಲ್ಲರೂ ನೋಡ್ಲಿ" ಎಂದು ಜನರ ಕಡೆ ತಿರುಗಿ ನಕ್ಕ. ಕೆಲವರು ನಕ್ಕರು. ಯಾರೋ ಹಿಂದಿನಿಂದ, ವಿಡಿಯೊ ಇದೆ ಅಂತ ಹೆದರಿಸಲು ನೋಡಿದ್ದಾರೆ ಎಂದರು. ಆ ಕ್ಷಣದಿಂದ ತಪ್ಪು ನನ್ನದಾಯಿತು. ಭಾವ ಎಷ್ಟು ಹೇಳಿದರೂ, ಅದೇ ಕಾರಿನಲ್ಲಿ ಕುಳಿತಿದ್ದ ಸಂಬಂಧಿಕರ ಮಾತನ್ನು ಯಾರು ಕೇಳುತ್ತಾರೆ? ವಿಡಿಯೊ ಇದೆ ಎಂದು ಹೇಳದೇ ಇದ್ದಿದ್ದರೆ ಬಸ್ಸಿನಲ್ಲಿ ಕಂಡವರು ಯಾರಾದರೂ ನನ್ನ ಪರವಾಗಿ ಒಂದು ಮಾತು ಆಡುತ್ತಿದ್ದರೇನೋ. ಆ ಫೋನು ನನಗೆ ಸಾಕ್ಷಿ ಹೇಳಲಿಲ್ಲ ಎನ್ನುವುದಷ್ಟೇ ಅಲ್ಲ, ಇದ್ದ ಸಾಕ್ಷಿಗಳನ್ನೂ ನನ್ನಿಂದ ಕಿತ್ತುಕೊಂಡಿತು.

ಬಾಗಿಲು, ಕನ್ನಡಿಗಳ ರಿಪೇರಿಯನ್ನು ಸ್ವಂತ ಹಣದಿಂದಲೇ ಮಾಡಿಸಿದೆ. ವಿಮೆಗೆ ಹೋಗಿದ್ದರೆ, ವರ್ಷ ವರ್ಷ ಕ್ಲೇಮ್ ಮಾಡದೆ ಉಳಿಸಿಕೊಂಡು ಬಂದಿದ್ದ ಶೇಕಡಾ 50ರ ನೋ ಕ್ಲೇಮ್ ಬೋನಸ್ (ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತಿತ್ತು.

ಅನಂತರ ತಿಳಿದುಕೊಂಡ ಸಂಗತಿಗಳು ಯಾವುದೇ ಮೊಬೈಲಿಗೂ ಅನ್ವಯಿಸುತ್ತವೆ. ಫೋನು ವಿಡಿಯೊ ತೆಗೆಯುವಾಗ ಬಿಸಿಯಾಗುತ್ತದೆ, ಚಾರ್ಜ್ ಆಗುವಾಗ ಬಿಸಿಯಾಗುತ್ತದೆ, ಗಾಜಿನ ಹಿಂದೆ ನೇರ ಬಿಸಿಲಿಗೆ ಇಟ್ಟರೆ ಬಿಸಿಯಾಗುತ್ತದೆ. ಮೂರೂ ಸೇರಿದಾಗ ತನ್ನನ್ನು ಉಳಿಸಿಕೊಳ್ಳಲು ಅದು ಕ್ಯಾಮೆರಾವನ್ನೇ ಮುಚ್ಚಿಬಿಡಬಹುದು. ಆ್ಯಪಲ್ ಕಂಪನಿ ತನ್ನ ಐಫೋನುಗಳನ್ನು ಸುತ್ತಲಿನ ಉಷ್ಣಾಂಶ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ ಬಳಸಬೇಕೆಂದೂ, ನಿಲ್ಲಿಸಿದ ಕಾರಿನಲ್ಲಿ ಬಿಡಬಾರದೆಂದೂ ತಾನೇ ಹೇಳಿದೆ. ಏಪ್ರಿಲ್ ತಿಂಗಳ ಶಿವಮೊಗ್ಗದಲ್ಲಿ ಮರದ ನೆರಳಿನಲ್ಲಿಯೇ ಅಷ್ಟು ಇರುತ್ತದೆ, ಇನ್ನು ಮುಂಗಾಜಿನ ಹಿಂದಿನ ಮಾತೇನು? ಆ ತೆರೆಯದ ತುಣುಕಿಗೂ ಕಾರಣವಿದೆ. ಸಾಮಾನ್ಯವಾದ ಎಂಪಿ4 ಕಡತದಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿಯನ್ನು ರೆಕಾರ್ಡಿಂಗ್ ಮುಗಿಯುವಾಗ ಬರೆಯಲಾಗುತ್ತದೆ. ನಡುವೆ ಹಠಾತ್ತನೆ ನಿಂತರೆ ಸೂಚಿಯೇ ಇಲ್ಲದ ಕಡತ ಉಳಿಯುತ್ತದೆ, ಅದು ತೆರೆಯುವುದಿಲ್ಲ. ಅಂದರೆ ಅಪಘಾತದ ರಭಸಕ್ಕೇ ಫೋನು ಆರಿಹೋದರೆ, ಯಾವ ತುಣುಕು ಬೇಕೋ ಅದೇ ಇಲ್ಲವಾಗಬಹುದು. ಒಳ್ಳೆಯ ಡ್ಯಾಶ್‌ಕ್ಯಾಮ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಬದಲು ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಇರುತ್ತದೆ; ಅದು ಬಿಸಿಯನ್ನು ಹೆಚ್ಚು ತಾಳುತ್ತದೆ, ವಿದ್ಯುತ್ ಹೋದರೂ ಕೊನೆಯ ತುಣುಕನ್ನು ಮುಗಿಸುವಷ್ಟು ಶಕ್ತಿ ಉಳಿಸಿಕೊಂಡಿರುತ್ತದೆ. ಇದೆಲ್ಲ ಅದೇ ವ್ಯಾಪಾರ ಮಾಡುವವನಿಗೆ ಗೊತ್ತಿರಲಿಲ್ಲವೆಂದರೆ ನಾನು ನಂಬುವುದಿಲ್ಲ.

ಇನ್ನು ಅವನ ಉತ್ತರಗಳು. ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿದಾಗ ಬಂದ ಮೊದಲ ಉತ್ತರ: "ಫೋನ್ ಹಳೇದಲ್ವಾ ಸಾರ್, ಹಳೇದಾದ್ರೆ ಹೀಗೇ." ಹಳೆಯ ಫೋನ್ ತನ್ನಿ ಎಂದವರು ಯಾರು ಎಂದು ಕೇಳಿದೆ. ಅದಕ್ಕೆ ಉತ್ತರವಿಲ್ಲ, ಬದಲಿಗೆ, "ಎ.ಸಿ. ಗಾಳಿ ತಾಗೋ ಹಾಗೆ ಇಡ್ಬೇಕಿತ್ತು" ಎಂದ. ಆ ಜಾಗದಲ್ಲಿ ಇಟ್ಟವರು ಯಾರು ಎಂದು ಕೇಳಿದೆ. ಅದಕ್ಕೂ ಉತ್ತರವಿಲ್ಲ. ಪರದೆ ಆರಿದರೂ ರೆಕಾರ್ಡ್ ಆಗುತ್ತದೆ ಎಂದದ್ದು ನೀವೇ ತಾನೆ ಎಂದರೆ, "ಆಗುತ್ತೆ ಸಾರ್, ಬಿಸಿ ಆಗ್ದಿದ್ರೆ ಆಗುತ್ತೆ" ಎಂದು ನನಗೇ ಪಾಠ ಹೇಳಿದ. ಕೊನೆಗೆ, "ಬೇಸಿಗೆ ಅಲ್ವಾ, ಮಳೆ ಶುರುವಾಗ್ಲಿ, ಆಮೇಲೆ ನೋಡಿ ಹೇಗೆ ಕೆಲಸ ಮಾಡುತ್ತೆ ಅಂತ" ಎಂದು ಕಳುಹಿಸಿದ. ಅಷ್ಟು ಹೊತ್ತೂ ಅವನ ಮುಖದಲ್ಲಿ ನಗು ಇತ್ತು. ಜಗಳವಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಳೆಯೂ ಶುರುವಾಯಿತು. ಆಗುಂಬೆಯ ಕಡೆಗೆ ಹೋಗುವಾಗ, ಅವನ ಮಾತನ್ನೂ ಪರೀಕ್ಷಿಸಿಬಿಡೋಣವೆಂದು ಮತ್ತೆ ಹಾಕಿದೆ. ಫೋನು ಬಿಸಿಯಾಗಲಿಲ್ಲ, ನಿಜ. ಆದರೆ ಮೊಬೈಲಿನ ಕ್ಯಾಮೆರಾ ಹತ್ತಿರದ ವಸ್ತುವಿಗೆ ಫೋಕಸ್ ಮಾಡಿಬಿಡುವುದುಂಟು. ಗಾಜಿನ ಮೇಲಿನ ಹನಿಗಳು ಮತ್ತು ವೈಪರಿನ ಕಡ್ಡಿ ಬಹಳ ಸ್ಪಷ್ಟವಾಗಿ ಬಂದಿದ್ದವು, ಎದುರಿನ ವಾಹನಗಳು ಮಾತ್ರ ಮಸುಕು. ಒಂದು ನಂಬರ್ ಪ್ಲೇಟನ್ನೂ ಓದಲಾಗಲಿಲ್ಲ. ಅದೇ ಫೋನಿನಲ್ಲಿ ಮ್ಯಾಪ್ ತೆರೆದರೆ ಆ್ಯಪ್ ಹಿಂದಕ್ಕೆ ಸರಿದು ರೆಕಾರ್ಡಿಂಗ್ ನಿಂತಿತು. ಆಂಡ್ರಾಯ್ಡ್ 9ರಿಂದ ಈಚೆಗೆ, ಹಿನ್ನೆಲೆಯಲ್ಲಿ ಸುಮ್ಮನಿರುವ ಆ್ಯಪ್‌ಗಳಿಗೆ ಕ್ಯಾಮೆರಾ ಸಿಗುವುದಿಲ್ಲ. ಹಿನ್ನೆಲೆಯಲ್ಲೂ ಮುಂದುವರಿಯುವಂತೆ ಆ್ಯಪನ್ನು ಬೇರೆ ರೀತಿಯಲ್ಲಿಯೇ ಬರೆದಿರಬೇಕು, ಬರೆದಿದ್ದರೂ ಬ್ಯಾಟರಿ ಉಳಿಸುವ ನೆಪದಲ್ಲಿ ಕೆಲವು ಫೋನುಗಳು ಅದನ್ನು ಮುಚ್ಚಿಬಿಡುತ್ತವೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗಿನ ದೃಶ್ಯ ಇನ್ನೂ ಹಾಸ್ಯಾಸ್ಪದ. ಮೊಬೈಲಿನ ಮುಖ್ಯ ಕ್ಯಾಮೆರಾ ನೋಡುವುದು ಸುಮಾರು 80 ಡಿಗ್ರಿಯಷ್ಟು ಅಗಲ, ಡ್ಯಾಶ್‌ಕ್ಯಾಮ್‌ಗಳದ್ದು ಸಾಮಾನ್ಯವಾಗಿ 120ಕ್ಕಿಂತ ಹೆಚ್ಚು. ಹೀಗಾಗಿ ತಿರುವಿನಲ್ಲಿ ಬಸ್ಸು ಎದುರಾಗುವವರೆಗೂ ವಿಡಿಯೊದಲ್ಲಿ ಬರೀ ಬಂಡೆ, ತಡೆಗೋಡೆ, ಮಂಜು. ಘಾಟಿಯ ಕೆಳಗಿನ ಸೋಮೇಶ್ವರ ಮುಟ್ಟುವ ಮೊದಲೇ ಹೋಲ್ಡರಿನ ರಬ್ಬರು ಗಾಜನ್ನು ಬಿಟ್ಟು, ಫೋನು ನನ್ನ ಕಾಲ ಬಳಿ, ಬ್ರೇಕಿನ ಪಕ್ಕದಲ್ಲಿಯೇ ಬಿತ್ತು. ಅದು ಪೆಡಲಿನ ಕೆಳಗೆ ಸೇರಿದ್ದರೆ ಏನಾಗುತ್ತಿತ್ತು ಎಂದು ಘಾಟಿಯಲ್ಲಿ ಗಾಡಿ ಓಡಿಸಿದವರೇ ಊಹಿಸಿಕೊಳ್ಳಲಿ.

ಆ ಮಳೆಯ ವಿಡಿಯೊವನ್ನು ಅವನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಬಂದ ಉತ್ತರ: "ಮಳೇಲಿ ಯಾವ ಕ್ಯಾಮೆರಾದಲ್ಲೂ ಕಾಣಲ್ಲ ಸಾರ್." ಬೇಸಿಗೆಯಲ್ಲಿ ಮಳೆಗಾಲ ಬರಲಿ ಎಂದವನು, ಮಳೆಗಾಲದಲ್ಲಿ ಹೀಗೆ! ಹಣ ವಾಪಸು ಕೊಡಿ ಎಂದು ಬರೆದೆ. ಎರಡು ನೀಲಿ ಗೆರೆಗಳು ಬಂದವು, ಉತ್ತರ ಬಂದದ್ದು ಮರುದಿನ: "ನಿಮಗೆ ಅಷ್ಟು ಬೇಕು ಅಂದ್ರೆ ಒಳ್ಳೇ ಡ್ಯಾಶ್‌ಕ್ಯಾಮ್ ಹಾಕಿಸ್ಕೊಳ್ಳಿ ಸಾರ್, ಹಳೇ ಗಿರಾಕಿ ಅಂತ ಐನೂರು ಕಡಿಮೆ ಮಾಡ್ಕೊಡ್ತೀನಿ." ನಾನು ಮೊದಲ ದಿನ ಕೇಳಿಕೊಂಡು ಹೋದ ವಸ್ತುವನ್ನೇ, ನನ್ನಿಂದ ಒಮ್ಮೆ ಹಣ ಪಡೆದ ಮೇಲೆ, ಉಪಕಾರ ಮಾಡುವವನಂತೆ ಮತ್ತೆ ಮಾರಲು ಹೊರಟಿದ್ದ.

ಬಿಲ್ ತೆಗೆದು ನೋಡಿದಾಗ ಉಳಿದದ್ದೂ ಅರ್ಥವಾಯಿತು. ಅದರಲ್ಲಿ ಮೊಬೈಲ್ ಹೋಲ್ಡರ್, ಕಾರ್ ಚಾರ್ಜರ್, ಸರ್ವಿಸ್ ಚಾರ್ಜ್ ಎಂದಷ್ಟೇ ಇದೆ. ಡ್ಯಾಶ್‌ಕ್ಯಾಮ್ ಎಂಬ ಹೆಸರಿಲ್ಲ, ಆ್ಯಪಿನ ಹೆಸರೂ ಇಲ್ಲ. ಆ ಆ್ಯಪ್ ಪ್ಲೇ ಸ್ಟೋರಿನಲ್ಲಿ ಎಲ್ಲರಿಗೂ ಉಚಿತವಾಗಿಯೇ ಸಿಗುತ್ತದೆ. ಡ್ಯಾಶ್‌ಕ್ಯಾಮ್ ಎಂದು ಏಕೆ ಬರೆದಿಲ್ಲ ಎಂದು ಕೇಳಿದ್ದಕ್ಕೆ, "ಕಂಪ್ಯೂಟರಲ್ಲಿ ಆ ಐಟಂ ಇಲ್ಲ ಸಾರ್" ಎಂದ. ಬಾಯಲ್ಲಿ ಇರುವ ಐಟಂ ಕಂಪ್ಯೂಟರಿನಲ್ಲಿ ಏಕಿಲ್ಲ ಎಂಬುದನ್ನು ಅವನೇ ಬಲ್ಲ.

ಈ ವಿಡಿಯೊ ಕೋರ್ಟಿನಲ್ಲೂ ಸಾಕ್ಷಿಯಾಗಿ ನಡೆಯುತ್ತದೆ ಎಂದೂ ಅಂಗಡಿಯವನು ಹೇಳಿದ್ದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತಾಳೆ ನೋಡುವ ಸಂಕೇತ) ಸಹಿತವಾದ ಪ್ರಮಾಣಪತ್ರ ಕೊಡಬೇಕು. ಡ್ಯಾಶ್‌ಕ್ಯಾಮ್‌ನ ವಿಡಿಯೊಗೂ ಅದು ಬೇಕೇ ಬೇಕು. ಆದರೆ ಪ್ರಮಾಣಪತ್ರ ಕೊಡುವುದಕ್ಕೆ ಮೊದಲು ವಿಡಿಯೊ ಇರಬೇಕಲ್ಲ?

ಹಾಕಿಸುವುದಾದರೆ ಡ್ಯಾಶ್‌ಕ್ಯಾಮನ್ನೇ ಹಾಕಿಸಿ, ಕೆಪಾಸಿಟರ್ ಇದೆಯೇ ಎಂದು ಕೇಳಿ, ಬಿಲ್ಲಿನಲ್ಲಿ ಆ ವಸ್ತುವಿನ ಹೆಸರು ಮತ್ತು ವಾರಂಟಿ ಬರೆಯಿಸಿಕೊಳ್ಳದೆ ಅಂಗಡಿಯಿಂದ ಹೊರಗೆ ಬರಬೇಡಿ. ಈಗಾಗಲೇ ಮೊಬೈಲ್ ಸಿಕ್ಕಿಸಿಕೊಂಡಿರುವವರು ಬಿಸಿಲಿನಲ್ಲಿ ಒಂದು ಗಂಟೆ ಓಡಿಸಿ, ಮನೆಗೆ ಬಂದು ಕೊನೆಯ ತುಣುಕು ಎಷ್ಟು ಹೊತ್ತಿನದು ಎಂದು ನೋಡಿ. ಅದನ್ನು ನೋಡುವ ತನಕ ಯಾರೆದುರೂ ವಿಡಿಯೊ ಇದೆ ಎಂದು ಹೇಳಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಅವನು ಬರೆದ ಸಂದೇಶಗಳೆಲ್ಲ ನನ್ನ ಬಳಿ ಇವೆ. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳಲ್ಲಿ ಇದೇ ರೀತಿಯ ಕಿಟ್ ಹಾಕಿಸಿಕೊಂಡವರು ಇದ್ದರೆ, ನಿಮ್ಮ ಬಿಲ್ಲಿನಲ್ಲಿ ಏನೆಂದು ಬರೆದುಕೊಟ್ಟಿದ್ದಾರೆ ಎಂಬುದನ್ನು ದಯವಿಟ್ಟು ತಿಳಿಸಿ; ದೂರಿನ ಜೊತೆ ಸೇರಿಸಲು ನನಗೆ ಅದು ಬೇಕಾಗಿದೆ.