ಲ್ಯಾಮಿಂಗ್ಟನ್ ರೋಡಿನ ಹೋಮ್ ಥಿಯೇಟರ್ ಸಾಮಾನು: ಕೆರೆದು ನೋಡಿ ಕೊಳ್ಳಿ

ಮುಂಬಯಿಯ ಈ ರಸ್ತೆಯ ಬೋರ್ಡಿನ ಮೇಲೆ ಭಡಕಮಕರ್ ಮಾರ್ಗ ಎಂದಿದೆ, ಆದರೆ ದಾರಿ ಕೇಳುವಾಗ ಲ್ಯಾಮಿಂಗ್ಟನ್ ರೋಡ್ ಅಂತಲೇ ಅನ್ನಬೇಕು. ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿಯಿರಿ. ಮೀರಾ ರೋಡ್, ಬೊರಿವಲಿ ಕಡೆಯವರಿಗೆ ಸ್ಲೋ ಲೋಕಲ್ಲೇ ಗತಿ, ಫಾಸ್ಟ್ ಇಲ್ಲಿ ನಿಲ್ಲುವುದಿಲ್ಲ. ಭಾನುವಾರ ಬಹುಪಾಲು ಅಂಗಡಿಗಳ ಶಟರ್ ಎಳೆದಿರುತ್ತದೆ.

ರಿಸೀವರ್ (ಸ್ಪೀಕರುಗಳನ್ನೆಲ್ಲ ನಡೆಸುವ ಪೆಟ್ಟಿಗೆ), ಸ್ಪೀಕರ್ ಎಲ್ಲಾದರೂ ಕೊಳ್ಳಿ. ವೈರು, ಪ್ಲಗ್ಗಿಗೆ ಮಾತ್ರ ಈ ರಸ್ತೆಯೇ ವಾಸಿ. ವೈರನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ತೊಂದರೆಯೆಂದರೆ ಅಸಲಿಯೂ ನಕಲಿಯೂ ಒಂದೇ ಕೌಂಟರಿನಿಂದ ಬರುತ್ತವೆ.

ಹೆಚ್ಚು ಮೋಸ ಸ್ಪೀಕರ್ ವೈರಿನಲ್ಲಿ. ಸುರುಳಿಯ ಮೇಲೆ ‘ಆಕ್ಸಿಜನ್ ಫ್ರೀ’, ಅಂದರೆ ಶುದ್ಧ ತಾಮ್ರ ಎಂದು ಅಚ್ಚಾಗಿದ್ದರೂ ಒಳಗಿರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅಂದರೆ ಸಿಸಿಎ ಇರಬಹುದು. ತುದಿಯನ್ನು ಒಂದಿಂಚು ಸುಲಿಸಿ, ಒಂದೇ ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪು ಹಾಗೇ ಉಳಿದರೆ ತಾಮ್ರ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದೇ ದಪ್ಪಕ್ಕೆ ಸಿಸಿಎಯ ವಿದ್ಯುತ್ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು, ಸ್ಕ್ರೂ ಕೆಳಗೆ ಎಳೆಗಳೂ ಬೇಗ ತುಂಡಾಗುತ್ತವೆ. 8 ಓಮ್ (ಸ್ಪೀಕರಿನ ಹಿಂದೆ ಬರೆದಿರುತ್ತದೆ) ಸ್ಪೀಕರಿಗೆ 10–12 ಮೀಟರಿನವರೆಗೆ ಅಸಲಿ ತಾಮ್ರದ 16 ಗೇಜ್ ಧಾರಾಳ ಸಾಕು. 4 ಓಮ್ ಇದ್ದರೆ ಅಥವಾ ಹಾಲ್ ಸುತ್ತಿಕೊಂಡು ಹಿಂದಿನ ಸ್ಪೀಕರಿಗೆ ಹೋಗುವುದಾದರೆ ಇನ್ನೂ ದಪ್ಪದ 14 ಗೇಜ್.

ಮುಂಬಯಿಯ ಮಳೆಗಾಲದ ತೇವಕ್ಕೆ ಬರಿಯ ತಾಮ್ರದ ತುದಿ ಕಪ್ಪಾಗುತ್ತದೆ, ವೈರಿನ ತುದಿಗೆ ಕೂರಿಸುವ ಬನಾನಾ ಪ್ಲಗ್ ಹಾಕುವುದು ಅದಕ್ಕೇ. ಐದು ಸ್ಪೀಕರಿಗೆ, ಪ್ರತಿ ತುದಿಗೆ ಪ್ಲಸ್ ಮೈನಸ್ ಎರಡರಂತೆ, ಎರಡೂ ತುದಿ ಸೇರಿ 20 ಪ್ಲಗ್ ಬೇಕು. ಅರ್ಧ ಮಾತ್ರ ತಂದು ಮತ್ತೆ ಓಡುವವರೇ ಹೆಚ್ಚು. ಎಳೆಗಳನ್ನು ಬಿಗಿಯಾಗಿ ತಿರುಚಿಯೇ ತೂರಿಸಿ. ಒಂದೇ ಒಂದು ಎಳೆ ಹೊರಗುಳಿದು ಪಕ್ಕದ ಟರ್ಮಿನಲ್ ಮುಟ್ಟಿದರೂ ರಿಸೀವರ್ ‘ಪ್ರೊಟೆಕ್ಟ್’ ತೋರಿಸಿ ಆಫ್ ಆಗುತ್ತದೆ. ಸಬ್‌ವೂಫರಿಗೆ ಬೇಕಾದದ್ದು ಆರ್‌ಸಿಎ ಕೇಬಲ್, ಈ ವೈರಲ್ಲ.

ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಯ್ಯುವ ಕೇಬಲ್) ಡಬ್ಬಿಯ ಮೇಲಿನ ‘8ಕೆ’ ನಂಬಬೇಡಿ. ‘ಅಲ್ಟ್ರಾ ಹೈ ಸ್ಪೀಡ್’ ಲೇಬಲ್ಲಿನ ಕ್ಯೂಆರ್ ಕೋಡನ್ನು ಎಚ್‌ಡಿಎಂಐ ಆ್ಯಪಿನಲ್ಲಿ ಅಲ್ಲೇ ಸ್ಕ್ಯಾನ್ ಮಾಡಿ. ಅದು ಸೆಕೆಂಡಿಗೆ 48 ಗಿಗಾಬಿಟ್ಟಿನದು. ಸೆಕೆಂಡಿಗೆ 60 ಫ್ರೇಮಿನ 4ಕೆ ಚಿತ್ರಕ್ಕೆ 18 ಗಿಗಾಬಿಟ್ ಸಾಕು. ಪ್ರೊಜೆಕ್ಟರಿಗೆ 5 ಮೀಟರ್ ದಾಟಿದರೆ ಸಾದಾ ಕೇಬಲ್ಲಿನಲ್ಲಿ ಚಿತ್ರ ಮಿನುಗಿ ಮಾಯವಾಗುವ ಸಂಭವ ಹೆಚ್ಚು, ಫೈಬರಿನದೇ ತನ್ನಿ. ಅದಕ್ಕೆ ದಿಕ್ಕಿದೆ: ‘ಸೋರ್ಸ್’ ತುದಿ ರಿಸೀವರಿಗೆ, ‘ಡಿಸ್ಪ್ಲೇ’ ತುದಿ ಪ್ರೊಜೆಕ್ಟರಿಗೆ. ಪೈಪಿನಲ್ಲಿ ಎಳೆಯುವ ಮುಂಚೆ ನೆಲದ ಮೇಲೇ ಹಾಸಿ ಚಿತ್ರ ಬರಿಸಿ ನೋಡಿ. ಟಿವಿಯಿಂದ ಡಾಲ್ಬಿ ಅಟ್ಮಾಸ್ (ತಲೆಯ ಮೇಲಿಂದಲೂ ಕೇಳಿಸುವ ಸದ್ದು) ಬೇಕಿದ್ದವರಿಗೆ ಸದ್ದು ಮಾತ್ರ ಒಯ್ಯುವ ಆಪ್ಟಿಕಲ್ ಕೇಬಲ್ ದಂಡ, ಅದರಲ್ಲಿ ಅಟ್ಮಾಸ್ ಹಾಯುವುದಿಲ್ಲ. ಅಂಗಡಿಯವರು ಮಾತ್ರ ಅದನ್ನೇ ಮುಂದಿಡುತ್ತಾರೆ.

ಸ್ಪೈಕ್ ಗಾರ್ಡ್ (ವೋಲ್ಟೇಜ್ ತಟ್ಟನೆ ಏರಿದಾಗ ಕಾಯುವ ಬೋರ್ಡ್) ಕೊಳ್ಳುವ ಮೊದಲು ಮನೆಯ ಸಾಕೆಟ್ಟಿಗೆ ಅರ್ತಿಂಗ್ ಇದೆಯೇ ನೋಡಿಸಿ. ಇಲ್ಲದಿದ್ದರೆ ಅದು ಬಹುಮಟ್ಟಿಗೆ ಬರೀ ಎಕ್ಸ್‌ಟೆನ್ಷನ್ ಬೋರ್ಡ್.

ಚೌಕಾಶಿ ನಡೆಯುತ್ತದೆ, ಆದರೆ ಪಕ್ಕಾ ಬಿಲ್ ಬಿಡಬೇಡಿ. ಕತ್ತರಿಸಿದ ವೈರು ವಾಪಸಿಲ್ಲ, ಹಾಗಾಗಿ ಗೋಡೆಗುಂಟ ದಾರ ಹಿಡಿದು ಅಳೆದು, ಪ್ರತಿ ಸ್ಪೀಕರಿಗೂ ಒಂದು ಮೀಟರ್ ಹೆಚ್ಚು ಬರೆದುಕೊಂಡು ಹೋಗಿ.