ಪ್ಯಾಟ್ಸಿ ಕ್ಲೈನ್ ಗ್ರೇಟೆಸ್ಟ್ ಹಿಟ್ಸ್: ಹನ್ನೆರಡು ವರ್ಷ ಕೇಳಿದ ಮೇಲೆ

ಈ ಸಿ.ಡಿ.ಯನ್ನು ಕೊಂಡದ್ದು 2012ರಲ್ಲಿ, ವರ್ಜೀನಿಯಾದಲ್ಲಿ ಕೆಲಸಕ್ಕಿದ್ದಾಗ. ಶೆನಾಂಡೋವಾ ಕಣಿವೆಗೆ ಹೊರಟವರು ಮಳೆಗೆ ಸಿಕ್ಕಿ ವಿಂಚೆಸ್ಟರ್ ಊರಿನಲ್ಲಿ ಉಳಿದೆವು. ಅಲ್ಲಿ ಸೌತ್ ಕೆಂಟ್ ಬೀದಿಯ ಒಂದು ಪುಟ್ಟ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅಮೆರಿಕದ ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್ ಬೆಳಕಿಗೆ ಬರುವ ಮುಂಚೆ ವಾಸವಿದ್ದ ಮನೆ. ಒಳಹೊಕ್ಕದ್ದು ಮಳೆಯಲ್ಲಿ ನೆನೆಯಬಾರದೆಂದು, ಸಂಗೀತಕ್ಕಾಗಿ ಅಲ್ಲ. ಆಕೆಯ ಹೆಸರನ್ನೇ ನಾನು ಕೇಳಿರಲಿಲ್ಲ. ಹೊರಗೆ ಬಂದ ಮೇಲೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನಾಲ್ಕು ಡಾಲರಿಗೆ ಈ ಆಲ್ಬಮ್ ಸಿಕ್ಕಿತು. ಡಬ್ಬಿಯ ಮುಚ್ಚಳದ ಒಂದು ಕಿವಿ ಆಗಲೇ ಮುರಿದಿತ್ತು.

ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ, ಎಂದರೆ ಬ್ಯಾಂಜೊ, ಹ್ಯಾಟು, ಮೂಗಿನಲ್ಲಿ ಎಳೆದು ಹಾಡುವುದು ಎಂದುಕೊಂಡಿದ್ದ ನನಗೆ ಮೊದಲ ಸಲ ಕೇಳಿದಾಗ ಬೇರೆ ಸಿ.ಡಿ. ಕೊಟ್ಟುಬಿಟ್ಟರೇನೋ ಅನ್ನಿಸಿತು. ನಿರ್ಮಾಪಕ ಓವೆನ್ ಬ್ರಾಡ್ಲಿ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನ ತನ್ನ ಸ್ಟುಡಿಯೊದಲ್ಲಿ ಹಳ್ಳಿಯ ಪಿಟೀಲನ್ನು ಹಿಂದೆ ಸರಿಸಿ, ಪಿಯಾನೊ, ತಂತಿವಾದ್ಯಗಳ ಮೇಳ, ಜೋರ್ಡನೇರ್ಸ್ ತಂಡದ ಹಿನ್ನೆಲೆ ದನಿಗಳನ್ನು ತಂದು ಕೂರಿಸಿದ. ಫ್ಲಾಯ್ಡ್ ಕ್ರೇಮರ್‌ನ ಪಿಯಾನೊ ಆಕೆ ಉಸಿರೆಳೆದುಕೊಳ್ಳುವ ಸಂದಿಯಲ್ಲಷ್ಟೇ ಎರಡು ಮಾತಾಡಿ ಸುಮ್ಮನಾಗುತ್ತದೆ. ಪಕ್ಕವಾದ್ಯದವರು ಹೀಗಿರಬೇಕು ಎಂದು ನಮ್ಮ ಕಛೇರಿಗಳಲ್ಲಿ ಎಷ್ಟೋ ಸಲ ಅಂದುಕೊಂಡಿದ್ದೇನೆ.

'ಕ್ರೇಜಿ' ಹಾಡನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಮೊದಲ ಎರಡು ವರ್ಷ ಅದನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಿದ್ದೆ. ಬರೆದವನು ವಿಲ್ಲಿ ನೆಲ್ಸನ್, ಆಗಿನ್ನೂ ಹೆಸರು ಮಾಡಿರದ ಹುಡುಗ. 1961ರ ಜೂನ್‌ನಲ್ಲಿ ಕಾರು ಅಪಘಾತವಾಗಿ ಪಕ್ಕೆಲುಬಿಗೆ ಪೆಟ್ಟಾಗಿದ್ದ ಪ್ಯಾಟ್ಸಿಗೆ ಧ್ವನಿಮುದ್ರಣದ ಮೊದಲ ದಿನ ಮೇಲಿನ ಸ್ವರಗಳು ಎಟುಕಲಿಲ್ಲ. ವಾರಗಳ ನಂತರ ಮತ್ತೆ ಬಂದು ಹಾಡಿ ಮುಗಿಸಿದಳು. ಆ ಮೊದಲ ಪದವೇ ಮೇಲಿನಿಂದ ಕೆಳಕ್ಕೆ ಧುಮುಕುತ್ತದೆ, ಆದರೂ ದನಿ ಎಲ್ಲಿಯೂ ಎಡವುವುದಿಲ್ಲ.

ಈಗ ನಾನು ಹುಡುಕಿಕೊಂಡು ಹೋಗುವುದು ಒಂಬತ್ತನೆಯ ಹಾಡು, 'ಫೇಡೆಡ್ ಲವ್'. 1963ರ ಫೆಬ್ರವರಿಯಲ್ಲಿ ಹಾಡಿದ್ದು. ಮಾರ್ಚ್ 5ರಂದು ಟೆನೆಸ್ಸಿಯಲ್ಲಿ ವಿಮಾನ ಬಿದ್ದು ಆಕೆ ತೀರಿಕೊಂಡಳು, ವಯಸ್ಸು ಮೂವತ್ತು. ಹಾಡಿನ ಕಟ್ಟಕಡೆಯ ಪದಕ್ಕೆ ಮುಂಚೆ ಆಕೆ ಉಸಿರೆಳೆಯುವುದು ಕೇಳಿಸುತ್ತದೆ. ಅದನ್ನು ಅಳಿಸದೆ ಬಿಟ್ಟಿದ್ದಾರೆ. ಮೊಬೈಲಿನ ಸ್ಪೀಕರ್‌ನಲ್ಲಿ ಇದು ತಿಳಿಯುವುದೇ ಇಲ್ಲ, ಇಯರ್‌ಫೋನ್ ಬೇಕು. ನನಗೂ ತಿಳಿದದ್ದು ಮೂರನೆಯ ವರ್ಷ, ಒಂದು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ.

ದೂರುಗಳೂ ಇವೆ. ಹೆಸರು ಗ್ರೇಟೆಸ್ಟ್ ಹಿಟ್ಸ್, ಆದರೆ 'ಸ್ಟ್ರೇಂಜ್', 'ಬ್ಯಾಕ್ ಇನ್ ಬೇಬೀಸ್ ಆರ್ಮ್ಸ್' ಮೊದಲು ಬಂದದ್ದು ಬೇರೆ ಜನಪ್ರಿಯ ಹಾಡುಗಳ ಡಿಸ್ಕ್‌ಗಳ ಹಿಂಬದಿಯಲ್ಲಿ, ಜೊತೆಹಾಡಾಗಿ. ಅದನ್ನಾದರೂ ಕ್ಷಮಿಸಬಹುದು, ಎರಡೂ ಒಳ್ಳೆಯ ಹಾಡುಗಳೇ. ಕ್ಷಮಿಸಲಾಗದ್ದು ಇನ್ನೊಂದು: ಪ್ಯಾಟ್ಸಿಯ ಧ್ವನಿಮುದ್ರಣಗಳು 1955ರಿಂದಲೇ ಹೊರಬರುತ್ತಿದ್ದವು, 1957ರಲ್ಲಿ 'ವಾಕಿನ್ ಆಫ್ಟರ್ ಮಿಡ್‌ನೈಟ್' ಗೆದ್ದಿತ್ತು. ಆ ಒಂದನ್ನು ಬಿಟ್ಟರೆ ಇಲ್ಲಿರುವುದೆಲ್ಲ 1960ರ ಕೊನೆಯಿಂದ ಈಚಿನದು. ಗಂಟಲು ಬಿಚ್ಚಿ, ತುಂಟತನದಿಂದ, ದನಿಯನ್ನು ತಟ್ಟನೆ ಮೇಲಕ್ಕೂ ಕೆಳಕ್ಕೂ ಹಾರಿಸುವ ಯೋಡಲ್ ಹಾಕುತ್ತಿದ್ದ ಆ ಹಳೆಯ ಪ್ಯಾಟ್ಸಿ ಈ ಆಲ್ಬಮ್‌ನಲ್ಲಿ ಇಲ್ಲವೇ ಇಲ್ಲ. ಇದನ್ನೊಂದೇ ಕೇಳಿದವರಿಗೆ ಆಕೆ ಹುಟ್ಟಾ ವಿರಹಿಣಿ ಅನ್ನಿಸಿದರೆ ಆಶ್ಚರ್ಯವಿಲ್ಲ. ಹನ್ನೆರಡು ಹಾಡುಗಳು ಸುಮಾರು ಅರ್ಧ ಗಂಟೆಯಲ್ಲಿ ಮುಗಿದೂ ಹೋಗುತ್ತವೆ.

ಆಲ್ಬಮ್ ಬಂದದ್ದು 1967ರಲ್ಲಿ, ಆಕೆ ಹೋಗಿ ನಾಲ್ಕು ವರ್ಷವಾದ ಮೇಲೆ. ಅಮೆರಿಕದಲ್ಲಿ ಒಂದು ಕೋಟಿ ಪ್ರತಿಗಳ ಪ್ರಮಾಣಪತ್ರ ಪಡೆದಿದೆ. ಅದರಲ್ಲಿ ಎರಡು ನನ್ನ ಮನೆಯವು: ಮೊದಲನೆಯದನ್ನು ನಮ್ಮ ಹಳೆಯ ಕಾರಿನ ಪ್ಲೇಯರ್ ನುಂಗಿ ಮೂರು ತಿಂಗಳು ಕೊಡಲಿಲ್ಲ, ಕೊಟ್ಟಾಗ ಮೈತುಂಬ ಗೀರು. ಎಂಟನೆಯ ಹಾಡಿನವರೆಗೆ ಈಗಲೂ ಚೆನ್ನಾಗಿಯೇ ಹಾಡುತ್ತದೆ. ಒಂಬತ್ತನೆಯದಕ್ಕೆ ಬಂದರೆ ತೊದಲುತ್ತದೆ. ಹಾಗಾಗಿ ಎರಡನೆಯದು.