ಲಾಸ್ಟ್ ಬಸ್ ಯಾವ ಗೇಮಿನಲ್ಲಿದೆ? ಐದು ಸಾರಿಗೆ ಗೇಮ್‌ಗಳ ಹೋಲಿಕೆ

ಬಸ್ ಓಡಿಸುವ ಗೇಮ್ ಬೇರೆ, ಬಸ್ ಸರ್ವೀಸ್ ನಡೆಸುವ ಗೇಮ್ ಬೇರೆ. ಮೊದಲನೆಯದು ಶಿವಮೊಗ್ಗದ ಕಾಲೇಜು ಹುಡುಗರಿಗೆಲ್ಲ ಗೊತ್ತು. ಇಂಡೊನೇಷ್ಯಾದವರು 2017ರಲ್ಲಿ ತಂದ ಮೊಬೈಲ್ ಬಸ್ ಸಿಮ್ಯುಲೇಟರ್‌ನಲ್ಲಿ ಗಾಡಿಗೆ ಬೇಕಾದ ಬಣ್ಣ ಹಾಕಿಕೊಳ್ಳಬಹುದು. ಹಾಗಾಗಿ ಕರ್ನಾಟಕದ ಬಸ್ಸುಗಳೆಲ್ಲ ತಮ್ಮ ಬಣ್ಣ, ಬೋರ್ಡಿನ ಸಮೇತ ಅದರೊಳಗೆ ಸೇರಿಬಿಟ್ಟಿವೆ. ನಾನಿಲ್ಲಿ ಬರೆಯುತ್ತಿರುವುದು ಎರಡನೇ ಜಾತಿಯ ಗೇಮ್‌ಗಳ ಬಗ್ಗೆ. ಇವುಗಳಲ್ಲಿ ಸ್ಟೇರಿಂಗ್ ಹಿಡಿಯುವ ಕೆಲಸ ಇಲ್ಲ. ರೂಟ್ ಹಾಕಬೇಕು, ಸ್ಟಾಪ್ ಇಡಬೇಕು, ಗಾಡಿ ಕೊಳ್ಳಬೇಕು, ಲಾಭ ನಷ್ಟ ನೋಡಿಕೊಳ್ಳಬೇಕು.

ಮಿನಿ ಮೆಟ್ರೊ, ಸಿಟೀಸ್ ಸ್ಕೈಲೈನ್ಸ್, ಓಪನ್ ಟಿಟಿಡಿ, ಸಿಮುಟ್ರಾನ್ಸ್, ಸಿಟೀಸ್ ಇನ್ ಮೋಷನ್ 2. ಈ ಐದನ್ನೂ ಆಡಿದ್ದೇನೆ. ಗ್ರಾಫಿಕ್ಸ್ ನೋಡಿ ಅಳೆಯಲಿಲ್ಲ. ಸ್ಟಾಪಿನಲ್ಲಿ ಕಾಯುತ್ತ ನಿಂತ ಪ್ಯಾಸೆಂಜರನ್ನು ಗೇಮ್ ಏನಂತ ತಿಳಿದಿದೆ ಅನ್ನುವುದಷ್ಟೇ ನನ್ನ ಪ್ರಶ್ನೆ. ಅವರಿಗೆ ಹೋಗಬೇಕಾದ ಊರು ಅಂತ ಒಂದಿದೆಯಾ? ಬಸ್ ಬರದಿದ್ದರೆ ಏನು ಮಾಡುತ್ತಾರೆ? ಬೆಳಗ್ಗೆ, ಸಂಜೆ, ರಾತ್ರಿ ಅನ್ನುವ ವ್ಯತ್ಯಾಸ ಅವರಿಗುಂಟಾ?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಶಿವಮೊಗ್ಗದ ಬಸ್ಸುಗಳಿಂದಲೇ. ಗೋಪಾಳದಿಂದ ಗಾಂಧಿ ಬಜಾರಿಗೆ ಹೊರಟವರಿಗೆ ಒಂದು ಸಿಟಿ ಬಸ್ ತಪ್ಪಿದರೆ ಇನ್ನೊಂದು ಬರುತ್ತದೆ, ಅದೂ ಬಾರದಿದ್ದರೆ ಆಟೋ ಇದೆ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ ಯಾವುದೋ ಕ್ರಾಸಿನಲ್ಲಿ ಇಳಿದು, ಅಲ್ಲಿಂದ ತೋಟದ ದಾರಿಯಲ್ಲಿ ಮನೆಗೆ ನಡೆಯಬೇಕಾದವರ ಲೆಕ್ಕವೇ ಬೇರೆ. ಅವರಿಗೆ ಎಷ್ಟು ನಿಮಿಷಕ್ಕೊಂದು ಬಸ್ ಅನ್ನುವುದು ಮುಖ್ಯವಲ್ಲ, ಎಷ್ಟು ಗಂಟೆಗೆ ಅನ್ನುವುದು ಮುಖ್ಯ. ಫಸ್ಟ್ ಬಸ್ ಯಾವಾಗ, ಲಾಸ್ಟ್ ಬಸ್ ಯಾವಾಗ, ಶಿವಮೊಗ್ಗದಿಂದ ಬಂದ ಗಾಡಿಗೆ ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಕೊಪ್ಪದ ಬಸ್ ಸಿಗುತ್ತದಾ ಇಲ್ಲವಾ. ಇಷ್ಟರ ಮೇಲೆ ಒಂದು ಮನೆಯ ಇಡೀ ದಿನದ ಕೆಲಸ ನಿಂತಿರುತ್ತದೆ.

ಮಿನಿ ಮೆಟ್ರೊ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನ್ಯೂಜಿಲೆಂಡಿನ ಡೈನೋಸಾರ್ ಪೋಲೊ ಕ್ಲಬ್ 2015ರಲ್ಲಿ ಹೊರತಂದ ಗೇಮ್ ಇದು. ವೃತ್ತ, ತ್ರಿಕೋನ, ಚೌಕ ಇವೇ ಸ್ಟೇಷನ್ನು. ಪ್ಯಾಸೆಂಜರೂ ಅಂಥದೇ ಒಂದು ಪುಟ್ಟ ಆಕಾರ. ತ್ರಿಕೋನಕ್ಕೆ ಯಾವುದಾದರೂ ತ್ರಿಕೋನ ಸ್ಟೇಷನ್ ಸಿಕ್ಕರೆ ಸಾಕು. ಒಂದೇ ಕಡೆ ಜನ ಮಿತಿ ಮೀರಿ ಸೇರಿದರೆ ಗೇಮ್ ಮುಗಿಯಿತು. ನದಿ ದಾಟಲು ಸುರಂಗ ಬೇಕು, ಸುರಂಗಗಳು ಲೆಕ್ಕದವು. ಮುಂಬೈ ನಕ್ಷೆಯೂ ಇದೆ. ಅಚ್ಚುಕಟ್ಟಾದ ಗೇಮ್, ಮೊಬೈಲಿನಲ್ಲೂ ಓಡುತ್ತದೆ, ರೂಟ್ ಅಂದರೇನು ಅಂತ ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯದು ಸಿಗಲಾರದು. ನನ್ನ ಪ್ರಶ್ನೆಗೆ ಮಾತ್ರ ಇದರಲ್ಲಿ ಉತ್ತರವಿಲ್ಲ. ಇಲ್ಲಿ ಊರುಗಳಿಲ್ಲ, ಆಕಾರಗಳಿವೆ.

ಸಿಟೀಸ್ ಸ್ಕೈಲೈನ್ಸ್ ಎಲ್ಲರಿಗೂ ಗೊತ್ತಿರುವ ಹೆಸರು. ಫಿನ್‌ಲೆಂಡಿನ ಕೊಲೋಸಲ್ ಆರ್ಡರ್ ಮಾಡಿದ್ದು, 2015ರದ್ದು. ನೋಡಲು ಬಹಳ ಚಂದ. ಒಬ್ಬೊಬ್ಬ ನಾಗರಿಕನಿಗೂ ಮನೆ, ಕೆಲಸ, ಹೋಗಬೇಕಾದ ಜಾಗ ಎಲ್ಲ ಇದೆ. ಅವನ ಮೇಲೆ ಕ್ಲಿಕ್ ಮಾಡಿದರೆ ಎಲ್ಲಿಗೆ ಹೊರಟಿದ್ದಾನೆ ಅಂತ ತೋರಿಸುತ್ತದೆ. ಹೊಳೆಯ ಒಂದು ದಂಡೆಗೆ ಪೇಟೆ, ಇನ್ನೊಂದು ದಂಡೆಗೆ ಮನೆಗಳು, ನಡುವೆ ಸೇತುವೆ ಇಟ್ಟು ನಮ್ಮ ತುಂಗೆಯ ಲೆಕ್ಕದಲ್ಲೇ ಊರು ಕಟ್ಟಿದೆ. ಸೇತುವೆಯ ಮೇಲೆ ವಾಹನಗಳು ಕಟ್ಟಿಕೊಂಡವು, ಸರಿಯೇ. ಆದರೆ ತೀರಾ ಹೊತ್ತು ಸಿಕ್ಕಿಹಾಕಿಕೊಂಡ ವಾಹನವನ್ನು ಗೇಮ್ ತಾನೇ ಅಳಿಸಿಹಾಕುತ್ತದೆ! ಬಸ್ಸು ಸರಿಹೋಗದಿದ್ದರೆ ನಾಗರಿಕನಿಗೆ ನಿಂತಲ್ಲೇ ಕಾರು ಪ್ರತ್ಯಕ್ಷವಾಗುತ್ತದೆ. ಕಾರಿಲ್ಲದ ಮನುಷ್ಯ ಇಂಥ ಊರಿನಲ್ಲಿ ಹುಟ್ಟುವುದೇ ಇಲ್ಲ. ಬಸ್ಸನ್ನೇ ನೆಚ್ಚಿದವರು ಯಾರೂ ಇಲ್ಲದ ಊರಿಗೆ ಬಸ್ ಹಾಕಿ ಏನು ಕಲಿಯುವುದು?

ಸ್ಕೈಲೈನ್ಸ್‌ನಲ್ಲಿ ಹಗಲು ರಾತ್ರಿ ಇವೆ. ಒಂದು ರೂಟ್ ಹಗಲು ಮಾತ್ರ ಓಡಲಿ, ರಾತ್ರಿ ಮಾತ್ರ ಓಡಲಿ ಅಂತ ಆರಿಸುವ ಗುಂಡಿಯೂ ಇದೆ. ಅಷ್ಟೇ, ಟೈಮ್‌ಟೇಬಲ್ ಇಲ್ಲ. ಊರು ಕಟ್ಟುವ ಆಸೆ ಇದ್ದವರಿಗೆ ಇದು ಮೊದಲ ಆಯ್ಕೆ. ಬಸ್ಸಿನ ಆಸೆ ಇದ್ದವರಿಗಲ್ಲ.

ಓಪನ್ ಟಿಟಿಡಿ ನನಗೆ ತುಂಬ ಇಷ್ಟವಾದ ಗೇಮ್, ಅದಕ್ಕೇ ಅದರ ಕೊರತೆಯನ್ನು ಮೊದಲು ಹೇಳುತ್ತೇನೆ. 1995ರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಗೇಮನ್ನು ಆಧರಿಸಿ 2004ರಲ್ಲಿ ಶುರುವಾದ ಉಚಿತ ಯೋಜನೆ ಇದು. ಇನ್‌ಸ್ಟಾಲ್ ಮಾಡಿ ಹಾಗೇ ಆಡಿದರೆ ಪ್ಯಾಸೆಂಜರಿಗೆ ಹೋಗಬೇಕಾದ ಊರೇ ಇರುವುದಿಲ್ಲ. ಹತ್ತಿದವರನ್ನು ಜನವಸತಿ ಇರುವ ಯಾವ ಸ್ಟಾಪಿನಲ್ಲಿ ಇಳಿಸಿದರೂ ದುಡ್ಡು ಬರುತ್ತದೆ. ಅದೂ ಎರಡು ಸ್ಟಾಪುಗಳ ನಡುವಿನ ದೂರಕ್ಕೆ, ಬಸ್ ಸುತ್ತಿದ ದಾರಿಗಲ್ಲ. ಸಿನಾರಿಯೊ ಎಡಿಟರ್‌ನಲ್ಲಿ ಗುಡ್ಡ ಎಬ್ಬಿಸಿ ಮೇಲೆ ಆಗುಂಬೆ, ಕೆಳಗೆ ಸೋಮೇಶ್ವರ ಅಂತ ಹೆಸರಿಟ್ಟು ಘಾಟಿ ರಸ್ತೆ ಎಳೆದೆ. ತಿರುವು ಬರುವ ಚೌಕವನ್ನು ಗೇಮ್ ಸಮತಟ್ಟು ಮಾಡಿಯೇ ರಸ್ತೆ ಕೂರಿಸುತ್ತದೆ. ನಿಜವಾದ ಘಾಟಿಯಲ್ಲಿ 14 ತಿರುವು, ಅಲ್ಲಿ ದೊಡ್ಡ ಬಸ್ ಹೋಗುವುದಿಲ್ಲ, ಮಿನಿ ಬಸ್ಸೇ ಗತಿ. ಗೇಮಿನಲ್ಲಿ ಏರು ಬಂದಾಗ ಬಸ್ಸು ಏದುಸಿರು ಬಿಡುತ್ತ ನಿಧಾನವಾಗುತ್ತದೆ, ಹೊತ್ತು ಹೆಚ್ಚಾದಷ್ಟೂ ಬರುವ ಹಣ ಕಡಿಮೆಯಾಗುತ್ತದೆ. ತಿರುವು ಹೆಚ್ಚಿದಷ್ಟೂ ಮಾಲೀಕನಿಗೆ ನಷ್ಟ. ಗುಡ್ಡದ ರೂಟ್‌ಗಳಿಗೆ ಬಸ್ ಹಾಕಲು ಯಾಕೆ ಎಲ್ಲರೂ ಹಿಂದೆಮುಂದೆ ನೋಡುತ್ತಾರೆ ಅನ್ನುವುದು ಇದರಲ್ಲಿ ಲೆಕ್ಕ ಸಮೇತ ಕಾಣುತ್ತದೆ.

ಇನ್ನೊಂದು ಸಂಗತಿ ಮಲೆನಾಡಿನವರಿಗೆ ಹಿಡಿಸೀತು. ಊರ ಸುತ್ತ ಮರ ಕಡಿದರೆ ಅಲ್ಲಿನ ಆಡಳಿತಕ್ಕೆ ನಿಮ್ಮ ಮೇಲಿನ ವಿಶ್ವಾಸ ಇಳಿಯುತ್ತದೆ, ತೀರಾ ಇಳಿದರೆ ಬಸ್ ಸ್ಟಾಪ್ ಕಟ್ಟಲೂ ಒಪ್ಪಿಗೆ ಸಿಗುವುದಿಲ್ಲ. ಮರ ನೆಟ್ಟರೆ ಮತ್ತೆ ಏರುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಕಾರ್ಗೊ ಡಿಸ್ಟ್ರಿಬ್ಯೂಷನ್ ಅನ್ನುವುದನ್ನು ಪ್ಯಾಸೆಂಜರಿಗೆ ಸಿಮ್ಮೆಟ್ರಿಕ್ ಅಂತ ಬದಲಿಸಿದರೆ ಗೇಮ್ ಬೇರೆಯೇ ಆಗುತ್ತದೆ. ಪ್ರತಿಯೊಬ್ಬರಿಗೂ ಇಳಿಯುವ ಸ್ಟಾಪ್ ಬರುತ್ತದೆ, ಹೋದಷ್ಟೇ ಜನ ವಾಪಸ್ಸೂ ಬರುತ್ತಾರೆ. ಇದನ್ನು ಮಾಡದೆ ಆಡಲೇಬೇಡಿ. ಆದರೂ ಒಂದು ತೊಡಕು ಉಳಿಯುತ್ತದೆ. ಇಲ್ಲಿ ಒಂದು ದಿನ ಅಂದರೆ ಸುಮಾರು ಎರಡು ಸೆಕೆಂಡು. ಮೊದಲ ಬಸ್ಸಾದ ಎಂಪಿಎಸ್ ರೀಗಲ್‌ನಲ್ಲಿ 31 ಸೀಟು, ವೇಗ ಗಂಟೆಗೆ 56 ಕಿಲೋಮೀಟರ್, ಪಕ್ಕದ ಊರು ತಲುಪಲು ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. 2024ರಲ್ಲಿ ಬಂದ 14ನೇ ಆವೃತ್ತಿಯಿಂದ ಟೈಮ್‌ಟೇಬಲನ್ನು ಗಡಿಯಾರದ ಲೆಕ್ಕದಲ್ಲಿ ಇಡಬಹುದು, ಆದರೆ ಬೆಳಗ್ಗೆ ಕಾಲೇಜಿಗೆ ಹೋಗುವವರು, ಸಂಜೆ ಸಂತೆಯಿಂದ ಮರಳುವವರು ಇದರಲ್ಲಿ ಇಲ್ಲ.

ಸಿಮುಟ್ರಾನ್ಸ್ ಕೂಡ ಉಚಿತ. ನೋಡಲು ಓಪನ್ ಟಿಟಿಡಿಯ ತಮ್ಮನ ಹಾಗಿದೆ, ಬುದ್ಧಿಯಲ್ಲಿ ಅಣ್ಣ. ಪ್ಯಾಸೆಂಜರಿಗೆ ಹೋಗಬೇಕಾದ ಜಾಗ ಇಲ್ಲಿ ಮೊದಲಿನಿಂದಲೇ ಇದೆ, ಯಾವ ಸೆಟ್ಟಿಂಗೂ ಬದಲಿಸಬೇಕಿಲ್ಲ. ಒಂದು ಸ್ಟಾಪಿನ ಮೇಲೆ ಕ್ಲಿಕ್ ಮಾಡಿದರೆ ಖುಷಿಯಾದವರು ಎಷ್ಟು, ಬೇಸರಗೊಂಡವರು ಎಷ್ಟು, ದಾರಿಯೇ ಇಲ್ಲದವರು ಎಷ್ಟು ಅಂತ ಬೇರೆಬೇರೆಯಾಗಿ ತೋರಿಸುತ್ತದೆ. ಈ ಮೂರನೇ ಸಂಖ್ಯೆ ನನ್ನನ್ನು ಹಿಡಿದು ಕೂರಿಸಿತು. ಹೋಗಬೇಕಿತ್ತು, ಹೋಗಲು ದಾರಿ ಇರಲಿಲ್ಲ, ಹೋಗಲಿಲ್ಲ. ಟಿಕೆಟ್ ಹರಿದ ಲೆಕ್ಕದಲ್ಲಿ ಇಂಥವರು ಸಿಗುವುದಿಲ್ಲ, ಯಾಕೆಂದರೆ ಅವರು ಬಸ್ ಹತ್ತಿಯೇ ಇಲ್ಲ. ‘ಆ ರೂಟಲ್ಲಿ ಜನ ಇಲ್ಲ’ ಅನ್ನುವ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ? ಬಸ್ ಇಲ್ಲದ್ದಕ್ಕೆ ಜನ ಇಲ್ಲವೋ, ಜನ ಇಲ್ಲದ್ದಕ್ಕೆ ಬಸ್ ಇಲ್ಲವೋ ಅಂತ ವಿಚಾರಿಸುವ ಗೇಮ್ ಈ ಐದರಲ್ಲಿ ಇದೊಂದೇ.

ಬಸ್ಸಿನಿಂದ ದೋಣಿಗೆ, ದೋಣಿಯಿಂದ ಮತ್ತೆ ಬಸ್ಸಿಗೆ ಜನ ತಾವಾಗಿಯೇ ಬದಲಾಯಿಸಿಕೊಳ್ಳುವುದೂ ಇದರಲ್ಲಿದೆ. ಹಿನ್ನೀರು ಮಾಡಿ ಸಿಗಂದೂರಿನ ಥರದ್ದೊಂದು ಊರನ್ನು ಆಚೆ ದಡಕ್ಕಿಟ್ಟೆ. ಶರಾವತಿ ಹಿನ್ನೀರಿನಲ್ಲಿ ಲಾಂಚ್ ಬಸ್ಸನ್ನೇ ಹತ್ತಿಸಿಕೊಂಡು ದಾಟಿಸುತ್ತಿತ್ತು, ಗೇಮಿನಲ್ಲಿ ಜನರಷ್ಟೇ ದಾಟಬಲ್ಲರು. ದಡದಲ್ಲಿ ಸ್ಟಾಪಿನ ಜಾಗ ತುಂಬಿ ಬೇಸರಗೊಂಡವರ ಸಂಖ್ಯೆ ಏರುತ್ತಲೇ ಹೋಯಿತು. ದೋಣಿ ತೆಗೆದು ಸೇತುವೆ ಹಾಕಿ ಒಂದೇ ಬಸ್ ನೇರ ಬಿಟ್ಟಾಗ ಅದು ಇಳಿಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ತುಮರಿ ಭಾಗದ ಜನ ಅಷ್ಟು ಸಂಭ್ರಮಿಸಿದ್ದು ಯಾಕೆ ಅಂತ ಹೊರಗಿನವರಿಗೆ ವಿವರಿಸಬೇಕೆಂದರೆ ನಾನು ಇದನ್ನೇ ಆಡಿ ತೋರಿಸುತ್ತೇನೆ.

ಸಿಮುಟ್ರಾನ್ಸ್‌ನಲ್ಲಿಲ್ಲದ್ದು ಹೊತ್ತು. ಅದು ಸಿಗುವುದು ಸಿಟೀಸ್ ಇನ್ ಮೋಷನ್ 2ರಲ್ಲಿ. ಸ್ಕೈಲೈನ್ಸ್ ಮಾಡಿದ ಅದೇ ಕೊಲೋಸಲ್ ಆರ್ಡರ್ ಅದಕ್ಕೂ ಮುಂಚೆ, 2013ರಲ್ಲಿ ತಂದದ್ದು. 2011ರ ಮೊದಲ ಭಾಗದಲ್ಲಿ ವಿಯೆನ್ನಾ, ಬರ್ಲಿನ್, ಹೆಲ್ಸಿಂಕಿ, ಆಮ್‌ಸ್ಟರ್‌ಡ್ಯಾಮ್ ನಗರಗಳಿದ್ದವು, 1920ರಿಂದ 2020ರವರೆಗಿನ ಕಾಲ ಇತ್ತು, ಹಗಲು ರಾತ್ರಿ ಇರಲಿಲ್ಲ. ಎರಡನೆಯದರಲ್ಲಿ ಅದು ಬಂತು, ಜೊತೆಗೆ ಟೈಮ್‌ಟೇಬಲ್ ಬಂತು, ದೂರಕ್ಕೆ ತಕ್ಕಂತೆ ಟಿಕೆಟ್ ವಲಯಗಳು ಬಂದವು. ವಾರದ ದಿನಕ್ಕೊಂದು, ವಾರಾಂತ್ಯಕ್ಕೊಂದು ಟೈಮಿಂಗ್ ಇಡಬಹುದು. ಬೆಳಗ್ಗೆ ಕೆಲಸಕ್ಕೆ ಹೋಗುವವರ ರಶ್ ಬರುತ್ತದೆ, ಮಧ್ಯಾಹ್ನ ಖಾಲಿ ಓಡುತ್ತದೆ, ಸಂಜೆ ಮತ್ತೆ ತುಂಬುತ್ತದೆ. ಈ ಗೇಮಿನಲ್ಲಿ ರಾತ್ರಿಯ ಟ್ರಿಪ್ ತೆಗೆದುಹಾಕಿ ನೋಡಿ. ಲಾಸ್ಟ್ ಬಸ್ ಅಂದರೇನು ಅಂತ ಗೊತ್ತಾಗುವುದು ಆಗ.

ಗಾಡಿ ಇಲ್ಲಿ ಡಿಪೋದಿಂದಲೇ ಹೊರಡಬೇಕು, ಡಿಪೋಕ್ಕೇ ಮರಳಬೇಕು. ನಮ್ಮ ಕಡೆ ಹಾಗಲ್ಲ. ಹಾಲ್ಟಿಂಗ್ ಬಸ್ ರಾತ್ರಿ ಹಳ್ಳಿಯಲ್ಲೇ ನಿಲ್ಲುತ್ತದೆ, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗುತ್ತಾರೆ, ಬೆಳಗ್ಗೆ ಅದೇ ಬಸ್ ಫಸ್ಟ್ ಬಸ್ಸಾಗಿ ಪೇಟೆಗೆ ಇಳಿಯುತ್ತದೆ. ಇದನ್ನು ತರಲು ರೂಟಿನ ಆ ತುದಿಗೊಂದು ಡಿಪೋ ಕಟ್ಟಿ, ಬೆಳಗಿನ ಟ್ರಿಪ್‌ಗಳು ಅಲ್ಲಿಂದ ಶುರುವಾಗುವ ಹಾಗೆ ಮಾಡಿದೆ. ಖರ್ಚು ಜಾಸ್ತಿಯಾಯಿತು. ಆದರೆ ಬೆಳ್ಳಂಬೆಳಗ್ಗೆ ಗಾಡಿ ಖಾಲಿಯಾಗಿ ಊರ ತುದಿಯವರೆಗೆ ಹೋಗಿ ಬರುವುದು ತಪ್ಪಿತು, ಮೊದಲ ಟ್ರಿಪ್ಪಿನಿಂದಲೇ ಸೀಟು ತುಂಬಿತು.

ಟಿಕೆಟ್ ದರ ಬಹಳ ಇಳಿಸಿಯೂ ಆಡಿದೆ. ಜನ ಒಮ್ಮೆಲೇ ಏರಿದರು, ಮೊದಲ ಸ್ಟಾಪುಗಳಲ್ಲೇ ಬಸ್ ತುಂಬಿತು, ನಡುವಿನ ಸ್ಟಾಪಿನವರು ನಿಂತೇ ಉಳಿದರು. ದರ ಇಳಿಸುವುದರ ಜೊತೆಗೆ ಬಸ್ ಹೆಚ್ಚಿಸಿದಾಗ ಮಾತ್ರ ಎಲ್ಲರಿಗೂ ಅನುಕೂಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಲೆಕ್ಕ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಇಲ್ಲಿ ಇನ್ನೂ ಒಂದು ಎಳೆ ಇದೆ. ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ, ಮಲೆನಾಡಿನ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್. ಒಂದೇ ರಸ್ತೆಯಲ್ಲಿ ಎರಡು ಸಂಸ್ಥೆಗಳು ಎರಡು ದರದಲ್ಲಿ ಓಡುವ ಈ ಪರಿಸ್ಥಿತಿಯನ್ನು ಇದರಲ್ಲಿ ಒಬ್ಬರೇ ಆಡಿದರೆ ತರಲಾಗದು.

ಇದರ ದೋಷಗಳು ಕಡಿಮೆಯಲ್ಲ. ಮೆನುಗಳು ಗೋಜಲು, ಕಲಿಯಲು ತಾಳ್ಮೆ ಬೇಕು. ಕೂಡುರಸ್ತೆಯಲ್ಲಿ ಟ್ರಾಫಿಕ್ ಕಟ್ಟಿಕೊಂಡರೆ ಎಷ್ಟು ಚೆನ್ನಾಗಿ ಹಾಕಿದ ಟೈಮಿಂಗೂ ಕುಸಿಯುತ್ತದೆ, ಒಂದರ ಹಿಂದೆ ಒಂದು ಬಸ್ ಸೇರಿಕೊಂಡು ಬರುತ್ತವೆ. ಬಸ್ ಇನ್ನೊಂದು ಬಸ್ಸಿಗಾಗಿ ಕಾಯುವುದಿಲ್ಲ. ತೀರ್ಥಹಳ್ಳಿಯಲ್ಲಿ ‘ಶಿವಮೊಗ್ಗದ ಬಸ್ ಬರ್ತಾ ಇದೆ, ಎರಡು ನಿಮಿಷ ನಿಲ್ಸಿ’ ಅಂದರೆ ಕಂಡಕ್ಟರ್ ನಿಲ್ಲಿಸುತ್ತಾರಲ್ಲ, ಆ ಎರಡು ನಿಮಿಷ ಇದರಲ್ಲಿಲ್ಲ.

ಐದರಲ್ಲೂ ಇಲ್ಲದವು ಇನ್ನೆರಡಿವೆ. ಕೈ ಅಡ್ಡ ಹಿಡಿದರೆ ಬಸ್ ನಿಲ್ಲುವುದು ಒಂದು. ಮನೆಗಳು ತೋಟಕ್ಕೊಂದರಂತೆ ಚದುರಿರುವ ಕಡೆ ಸ್ಟಾಪಿನ ಸುತ್ತ ಇಷ್ಟು ದೂರದವರು ಮಾತ್ರ ಬರುತ್ತಾರೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಇನ್ನೊಂದು, ಸಂಸ್ಥೆ ಯಾರದ್ದು ಅನ್ನುವುದು. ಎಲ್ಲದರಲ್ಲೂ ಆಡುವವರೇ ಮಾಲೀಕರು, ಡ್ರೈವರ್ ಬರೀ ಖರ್ಚಿನ ಬಾಬ್ತು. ಕೊಪ್ಪದಲ್ಲಿ ನೌಕರರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರವರೆಗೂ ಈ ಘಟ್ಟದ ರಸ್ತೆಗಳಲ್ಲಿ ಓಡಿತು. ಅಂಥ ಸಂಸ್ಥೆಯನ್ನು ನಡೆಸುವ ಗೇಮ್ ಯಾರಾದರೂ ಮಾಡಿದರೆ ನಾನು ಮೊದಲ ದಿನವೇ ಕೊಳ್ಳುತ್ತೇನೆ.

ನನ್ನ ಆಯ್ಕೆ ಹೀಗಿದೆ. ದುಡ್ಡು ಕೊಟ್ಟು ಕೊಳ್ಳುವುದಾದರೆ ಸಿಟೀಸ್ ಇನ್ ಮೋಷನ್ 2, ಅದೂ ರಿಯಾಯಿತಿ ಬಂದಾಗ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ, ಅಥವಾ ಹಣ ಹಾಕುವ ಮನಸ್ಸಿಲ್ಲದಿದ್ದರೆ, ಸಿಮುಟ್ರಾನ್ಸ್. ಮೊದಲು ಎರಡೇ ಊರು, ಒಂದೇ ರೂಟ್ ಇಟ್ಟುಕೊಂಡು ಶುರು ಮಾಡಿ. ಸ್ಟಾಪಿನ ಮೇಲೆ ಕ್ಲಿಕ್ ಮಾಡಿ ದಾರಿ ಇಲ್ಲದವರ ಸಂಖ್ಯೆ ನೋಡಿ, ಎರಡನೇ ರೂಟ್ ಎಲ್ಲಿಗೆ ಹಾಕಬೇಕೆಂದು ಅದರ ಮೇಲೆ ತೀರ್ಮಾನಿಸಿ.